ಎದುರು ಓಟಿನ ಸವತಿ

ಕೊಟ್ರಮ್ಮನಿಗೆ ಸವತಿ ಬಂದಿದ್ದು ತಲೆ ಪೂರ್ತಿ ನೆರೆತ ಮೇಲೆ. ಗಂಡ ಮೋಹಪಟ್ಟು ಕರೆತಂದವಳಲ್ಲ, ಹಿರಿಯರು ಕೂತು ಗಂಟು ಹಾಕಿದವಳೂ ಅಲ್ಲ. ಸರ್ಕಾರದವರೇ ಹುಡುಕಿ, ಜೋಡಿ ಕೂಡಿಸಿ, ಮೊಹರು ಒತ್ತಿ ಕೊಟ್ಟ ಸವತಿ. ಪ್ರತಿ ಮಂಗಳವಾರ ಗಂಡ ಹಾಲಪ್ಪ ಆಕೆಯ ಎದುರು ಹೋಗಿ ಕೂರಬೇಕು. ಕೂರದಿದ್ದರೆ ಅವನಿಗೆ ಓಟಿಲ್ಲ.

ಇದು ಇನ್ನೂ ಬಾರದ ಕಾಲದ ಕಥೆ. ಬಾರದ ಕಾಲ ಅಂದಮಾತ್ರಕ್ಕೆ ಜನ ಬೇರೆ ಮಣ್ಣಿನವರಾಗಿರುವುದಿಲ್ಲ. ಬಸ್ಸುಗಳು ಸದ್ದಿಲ್ಲದೆ ಓಡುತ್ತಿದ್ದವು, ಮನೆಮನೆಯ ಮಾಳಿಗೆ ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ದೀಪ ಉರಿಸುತ್ತಿತ್ತು. ಆದರೂ ಹೊತ್ತು ಇಳಿದರೆ ಮಂಡಕ್ಕಿ ಬೇಕಿತ್ತು, ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬೇಕಿತ್ತು, ತಿನ್ನುತ್ತಾ ಬೈಯುವುದಕ್ಕೆ ಒಂದು ಪಕ್ಷ ಬೇಕಿತ್ತು.

ಆ ಊರಲ್ಲಿ ಪಕ್ಷ ಎರಡೇ. ಒಂದರ ಗುರುತು ಒರಳು, ಇನ್ನೊಂದರದ್ದು ಬಾವಿಯ ರಾಟೆ. ಇದ್ದದ್ದನ್ನು ಇದ್ದಲ್ಲೇ ಉಳಿಸಿಕೊಳ್ಳೋಣ ಅನ್ನುವವರು ಒರಳಿನವರು. ಕೆಳಗಿದ್ದದ್ದನ್ನು ಮೇಲಕ್ಕೆ ಎಳೆಯೋಣ ಅನ್ನುವವರು ರಾಟೆಯವರು. ಕೇಳುವುದಕ್ಕೆ ಎರಡೂ ಚೆಂದವೇ. ಆದರೆ ವರ್ಷ ಕಳೆದಂತೆ ಒರಳಿನವರಿಗೊಂದು ಚಹಾದಂಗಡಿ, ರಾಟೆಯವರಿಗೊಂದು ಚಹಾದಂಗಡಿ ಆಯಿತು. ಕ್ಷೌರದ ಕುರ್ಚಿ ಬೇರೆಯಾಯಿತು. ಹೆಣ್ಣು ಕೊಡುವುದು ತರುವುದು ನಿಂತಿತು. ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೆಗಲು ಕೊಡುವುದೂ ನಿಂತ ಮೇಲೆ, ಒಂದು ಚುನಾವಣೆಯ ದಿನ ಸಂತೆಪೇಟೆಗೆ ಸಂತೆಪೇಟೆಯೇ ಹೊತ್ತಿ ಉರಿಯಿತು. ಅದೊಂದೇ ಊರಲ್ಲಿ ಆದದ್ದೂ ಅಲ್ಲ. ಆಮೇಲೆ ಬಂದದ್ದು ಎದುರು ಕೂರುವ ಕಾಯಿದೆ. ಓಟು ಹಾಕಬೇಕೆನ್ನುವವರು ಮೊದಲು ಎದುರು ಪಕ್ಷದ ಒಬ್ಬರ ಜೊತೆ ಕೆಲವು ವಾರ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಬರೀ ಕೂತರೆ ಆಗಲಿಲ್ಲ, ಕೈಗೆ ಮಿಡಿಪಟ್ಟಿ ಕಟ್ಟಿಕೊಂಡು ಕೂರಬೇಕು.

ಮಿಡಿಪಟ್ಟಿ ಅಂದರೆ ಮುಂಗೈಗೆ ಸುತ್ತುವ ಬಟ್ಟೆಯಂಥ ಪಟ್ಟಿ. ಮಾತು ಬಾರದ ಮಕ್ಕಳಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿಯಲು ಡಾಕ್ಟರುಗಳು ಮಾಡಿಕೊಂಡಿದ್ದ ಸಾಧನ ಅದು. ನಿಮಗೊಂದು, ಎದುರಿನವರಿಗೊಂದು, ನಡುವೆ ಒಂದು ಪೆಟ್ಟಿಗೆ. ಒಬ್ಬರ ಮೈಯಲ್ಲಿ ಎದ್ದದ್ದರ ನೆರಳು ಇನ್ನೊಬ್ಬರ ಮೈಯಲ್ಲಿ ಬೀಳುತ್ತದೆ. ಮನಸ್ಸಿನ ಗುಟ್ಟು ತಿಳಿಯುವುದಿಲ್ಲ. ಎದೆ ಬಿಗಿದರೆ ಬಿಗಿತ, ಹೊಟ್ಟೆ ಉರಿದರೆ ಉರಿ, ಗಂಟಲು ಕಟ್ಟಿದರೆ ಕಟ್ಟಿದ ಗಂಟಲು, ಅಷ್ಟೆ. ಆದರೆ ಒಬ್ಬ ಮನುಷ್ಯ ತನ್ನ ಕಷ್ಟ ಹೇಳುವಾಗ ಅದು ಕೇಳುವವನ ಮೈಯಲ್ಲೂ ಎದ್ದರೆ, ಸುಳ್ಳು ಅನ್ನುವುದಕ್ಕೆ ಬಾಯಿ ಬರುವುದಿಲ್ಲ.

ಮುಚ್ಚಿಹೋಗಿದ್ದ ಸಿನಿಮಾ ಟಾಕೀಸಿನಲ್ಲಿ ಇದರ ಕಚೇರಿ ತೆರೆದಿದ್ದರು. ಬೋರ್ಡಿನ ಮೇಲೆ ಪರಸ್ಪರ ಶ್ರವಣ ಕೇಂದ್ರ ಅಂತ ಬರೆದಿತ್ತು. ಜನ ಕೂರುಮನೆ ಅನ್ನುತ್ತಿದ್ದರು.

ಕೊಟ್ರಮ್ಮ ಹಾಲಪ್ಪ ಇದ್ದದ್ದು ಭಟ್ಟಿ ಓಣಿಯಲ್ಲಿ. ಓಣಿಗೆ ಓಣಿಯೇ ಮಂಡಕ್ಕಿ ಹುರಿಯುವ ಜನ, ಓಣಿಗೆ ಓಣಿಯೇ ಒರಳು. ಈ ಸಲ ಗೆದ್ದರೆ ಊರೊಳಗಿನ ಭಟ್ಟಿಗಳನ್ನೆಲ್ಲ ಮುಚ್ಚಿಸಿ ಊರಾಚೆ ಹೊಗೆಯಿಲ್ಲದ ಯಂತ್ರದ ಮನೆ ಕಟ್ಟಿಸುತ್ತೇವೆ ಎಂದು ರಾಟೆಯವರು ಹೇಳಿದ್ದರು. ಭತ್ತದ ಹೊಟ್ಟಿನ ಹೊಗೆ ಊರನ್ನು ತಿನ್ನುತ್ತಿದೆ ಅನ್ನುವುದು ಅವರ ವಾದ. ಹೊಗೆ ಹೋದರೆ ಅದರ ಹಿಂದೆ ನಮ್ಮ ಅನ್ನವೂ ಹೋಗುತ್ತದೆ ಅನ್ನುವುದು ಓಣಿಯವರ ವಾದ.

ಓಣಿಯಲ್ಲೊಂದು ರೂಢಿ ಇತ್ತು. ಒಂದು ಒಲೆಗೆ ಒಂದೇ ಓಟು. ಗಂಡ ಒತ್ತಿದ್ದನ್ನೇ ಹೆಂಡತಿ ಒತ್ತುವುದು. ಯಾವ ಪಕ್ಷ ಎಂದು ಹೆಸರು ಬರೆಸಿಕೊಳ್ಳುವವರು ಬಂದಾಗ ಗಂಡಸರು ಬಾಗಿಲಲ್ಲೇ ನಿಂತು, "ನಮ್ಮದು ಎರಡೂ ಒರಳು" ಎಂದು ಹೇಳಿ ಕಳಿಸುತ್ತಿದ್ದರು. ಒಳಗೆ ಹೆಂಗಸರು ಜರಡಿ ಆಡಿಸುತ್ತಿರುತ್ತಿದ್ದರು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಕೊಟ್ರಮ್ಮನಿಗೂ ಕಂಡಿರಲಿಲ್ಲ. ಹಾಲಪ್ಪ ಬಾಣಲೆಯಲ್ಲಿ ಕಾದ ಮರಳು ಕೆದಕುವುದು, ಅವಳು ಉಪ್ಪುಂಡ ಅಕ್ಕಿ ಚೆಲ್ಲುವುದು, ಅರಳಿದ ಕೂಡಲೇ ಅವನು ಎತ್ತುವುದು, ಅವಳು ಜರಡಿ ಹಿಡಿಯುವುದು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ, ಕೈಗೆ ಕೈ ತಾಳ. ಇಷ್ಟು ವರ್ಷ ಕೈ ಕೂಡಿದ ಮೇಲೆ ಮನಸ್ಸೂ ಕೂಡಿದೆ ಎಂದೇ ಇಬ್ಬರೂ ತಿಳಿದಿದ್ದರು.

ಮೊದಲ ಮಂಗಳವಾರ ಹಾಲಪ್ಪ ಬೈದುಕೊಂಡೇ ಹೋದ. "ರಾಟೆಯವರ ಮುಂದೆ ಕುಂತು ಏನ್ ಕೇಳೋದು? ಬಾವಿ ಇಲ್ದಿದ್ ಊರಾಗೆ ರಾಟೆ ಕಟ್ಟೋ ಜನ," ಎಂದ. ಬರುವಾಗ ಬಾಯಲ್ಲಿ ಬೈಗುಳ ಇರಲಿಲ್ಲ. ಜಗಲಿಯ ಮೇಲೆ ಕೂತು ನೀರು ಕೇಳಿದ. ಅರ್ಧ ಕುಡಿದು ಚೆಂಬು ಹಿಡಿದುಕೊಂಡೇ ಕೂತ.

"ಯಾರು ಬಿದ್ರು ನಿಮ್ ಪಾಲಿಗೆ?"

"ಚೂಡಾಮಣಿ ಅಂತ. ಬಸ್ಸಿನಾಗೆ ಕಂಡಕ್ಟರ್ ಆಗಿದ್ದಾಕಿ. ನಮ್ ಹಿಂದಿನ ಓಣಿನೇ."

"ಹೆಣ್ಣಾ?"

"ಹೆಣ್ಣೋ ಗಂಡೋ, ಪಟ್ಟಿಗೇನು ಗೊತ್ತು?"

"ಪಟ್ಟಿಗೆ ಗೊತ್ತಿಲ್ಲ. ನಿಮಗೆ ಗೊತ್ತಲ್ಲ."

ಹಾಲಪ್ಪ ಆ ಮಾತು ಕೇಳಿಸಿಕೊಳ್ಳಲಿಲ್ಲ. "ಪಾಪ ಕಣೆ," ಎಂದ. "ಬೆಳಗಿನ ಹೊತ್ತು ಆಕಿ ಉಸಿರು ಎಳ್ಕಳೋದು ಹೆಂಗೈತೆ ಅಂದ್ರೆ, ಒದ್ದೆ ಗೋಣಿಚೀಲಕ್ಕೆ ಮೂಗು ಒತ್ತಿ ಎಳ್ಕಂಡಂಗೆ. ಇಲ್ಲಿ, ಪಕ್ಕೆಲುಬಿನ ಒಳಗೆ ಗೀರ್ತೈತೆ. ನಮ್ ಹೊಗೆ ಕಣೆ ಅದು. ನಾವ್ ಬಿಟ್ಟ ಹೊಗೆ." ಎಂದು ತನ್ನ ಎದೆ ಮುಟ್ಟಿ ತೋರಿಸಿದ. ಹೆಂಡತಿಗೆ ತೋರಿಸುತ್ತಿದ್ದ, ಆದರೆ ಕಣ್ಣು ಎಲ್ಲೋ ಇತ್ತು.

ಕೊಟ್ರಮ್ಮನಿಗೆ ಆಗಲೇ ಕೆಮ್ಮು ಬಂದಿತ್ತು. ಸೆರಗು ಒತ್ತಿಕೊಂಡು ಒಳಗೆ ಹೋದಳು.

ಮುಂದಿನ ಮಂಗಳವಾರ ಕಳೆದ ಮೇಲೆ ಹಾಲಪ್ಪ ಗಾರೆಯವರನ್ನು ಕರೆಸಿ ಭಟ್ಟಿಯ ಹೊಗೆಗೂಡು ಎತ್ತರಿಸಿದ. ಹೊಗೆ ನೀರಿನ ಮೇಲೆ ಹಾದು ಹೋಗಲಿ ಎಂದು ನಡುವೆ ಒಂದು ತೊಟ್ಟಿ ಇಡಿಸಿದ. ಅದರ ಮುಂದಿನ ವಾರ ಚಹಾದಂಗಡಿಯಲ್ಲಿ ಯಾರೋ ರಾಟೆಯವರನ್ನು ಕತ್ತೆಗಳು ಅಂದರೆ, ಹಾಲಪ್ಪ ಲೋಟ ಕೆಳಗಿಟ್ಟು, "ಬೇರೆ ಒತ್ತಿದ್ರೆ ಕತ್ತೆ ಆಗ್ತಾರೇನೋ? ಅವರ ಎದೆಯಾಗೆ ಏನೈತೆ ನೋಡಿ ಮಾತಾಡು" ಎಂದನಂತೆ. ಸುದ್ದಿ ಮನೆಗೆ ಅವನಿಗಿಂತ ಮೊದಲೇ ಬಂತು. ಹಾಲಪ್ಪ ದೊಡ್ಡ ಮನುಷ್ಯ ಆಗಿಬಿಟ್ಟ ಎಂದು ಪಕ್ಕದ ಭಟ್ಟಿಯವಳು ಕೊಟ್ರಮ್ಮನಿಗೆ ಹೇಳಿದಳು. ಹೇಳುವಾಗ ನಗುತ್ತಿದ್ದಳು.

"ಹೊಗೆಗೂಡು ಎತ್ತರಿಸ್ರಿ ಅಂತ ನಾನೂ ಎಷ್ಟೋ ಸಲ ಅಂದಿದ್ದೆ," ಎಂದಳು ಕೊಟ್ರಮ್ಮ ಆ ಸಂಜೆ.

"ಯಾವಾಗ ಅಂದಿದ್ದೆ?"

"ಕೆಮ್ಮಿರಲಿಲ್ವಾ?"

"ಕೆಮ್ಮಿದ್ರೆ ಹೇಳ್ದಂಗಾ? ಓಣಿಯಾಗೆ ಎಲ್ರೂ ಕೆಮ್ತಾರೆ. ನೀನು ನಮ್ಮಾಕಿ ಬಿಡು."

ನಮ್ಮಾಕಿ. ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದವಳಲ್ಲ. ಎದುರು ಒತ್ತುವವಳ ಉಸಿರಿಗೆ ಹೊಗೆಗೂಡು ಏಳುತ್ತದೆ, ಜೊತೆಗೆ ಒತ್ತುವವಳ ಉಸಿರು ಗಾಳಿಗೆ ಹೋಗುತ್ತದೆ. ಮೆಣಸಿನಕಾಯಿ ಅರೆದ ಕೈಯನ್ನು ಮರೆತು ಕಣ್ಣಿಗೆ ಒತ್ತಿಕೊಂಡ ಹಾಗೆ ಉರಿಯಿತು ಕೊಟ್ರಮ್ಮನಿಗೆ. ಮರುದಿನ ಮರಳು ಕಾಯುವ ಮೊದಲೇ ಅಕ್ಕಿ ಚೆಲ್ಲಿದಳು. ಅಕ್ಕಿ ಅರಳದೆ ಕಲ್ಲಾಯಿತು. ಹಾಲಪ್ಪ ಕಲ್ಲಾದ ಅಕ್ಕಿಯನ್ನು ಪಕ್ಕಕ್ಕೆ ತಳ್ಳಿ, "ಚೂಡಮ್ಮನಿಗೆ ಈ ವಾರ ಜ್ವರ ಅಂತೆ," ಎಂದ.

ಒಂದು ಮಧ್ಯಾಹ್ನ ಕೊಟ್ರಮ್ಮ ನೆಪ ಮಾಡಿಕೊಂಡು ಹಿಂದಿನ ಓಣಿಗೆ ಹೋದಳು. ಮನೆಯ ಮುಂದೆ ಚೂಡಾಮಣಿ ಬಟ್ಟೆ ಒಣಹಾಕುತ್ತಿದ್ದಳು. ಒಣಕಲು ಎತ್ತರದ ಹೆಂಗಸು, ಮುಂದಿನ ಹಲ್ಲೊಂದು ಇಲ್ಲ, ಕೈಯಲ್ಲಿ ಗಂಡಸರ ಗಡಿಯಾರ. ಎರಡು ಸೀರೆ ಹಾಕುವಷ್ಟರಲ್ಲಿ ಕಂಬ ಹಿಡಿದು ನಿಂತು ಉಸಿರು ತೆಗೆದುಕೊಂಡಳು. ಚೆಂದ ಇದ್ದಿದ್ದರೆ ಕೊಟ್ರಮ್ಮನಿಗೆ ಒಂದು ಸಮಾಧಾನವಾದರೂ ಆಗುತ್ತಿತ್ತು. ಗಂಡಸಿನ ಕಣ್ಣು, ಮುಪ್ಪಿನಲ್ಲಿ ಜಾರಿತು, ಎಂದು ಬೈದು ಸುಮ್ಮನಾಗಬಹುದಿತ್ತು. ಚೆಂದ ಇಲ್ಲ ಎಂದ ಮೇಲೆ ಅವನು ಹೋಗುತ್ತಿರುವುದು ಮುಖಕ್ಕಲ್ಲ, ಮಾತಿಗೆ. ಅದನ್ನು ಹೇಗೆ ಬೈಯುವುದು?

ಕೊಟ್ರಮ್ಮ ಎದುರು ಕೂರುವ ಸರದಿಯೂ ಬಂತು. ಅವಳಿಗೆ ಜೋಡಿ ಬಿದ್ದವಳು ಗೌರಕ್ಕ, ಹೂ ಕಟ್ಟುವ ಮುದುಕಿ, ರಾಟೆಯವಳು. ಪಟ್ಟಿ ಕಟ್ಟಿದವಳು ತಬಸ್ಸುಮ್, ಕೂರುಮನೆಯ ಯಂತ್ರ ನೋಡಿಕೊಳ್ಳುವ ಹುಡುಗಿ. ಕೊಟ್ರಮ್ಮ ಆಸೆಯಿಂದ ಕಣ್ಣು ಮುಚ್ಚಿ ಕೂತಳು. ತನ್ನ ಗಂಡನಿಗೆ ಆದದ್ದು ತನಗೂ ಆಗಲಿ, ತನ್ನ ಉಸಿರೂ ಒಬ್ಬರ ಮೈಗೆ ಹೋಗಲಿ ಎಂದು. ಗೌರಕ್ಕ ಹೊಗೆಯ ಮಾತು ಎತ್ತಿದಳು. ಬೆಳಗಾದರೆ ಕಣ್ಣು ಬಿಡೋಕಾಗಲ್ಲ ಎಂದಳು. ಕೊಟ್ರಮ್ಮ, "ಹೌದ್ರವ್ವಾ, ನನಗೂ ಹಂಗೇ" ಎಂದಳು. ಏನೂ ಆಗಲಿಲ್ಲ. ತಬಸ್ಸುಮ್ ಪಟ್ಟಿ ಬಿಗಿ ಮಾಡಿದಳು, ಬದಲಾಯಿಸಿದಳು. ಪೆಟ್ಟಿಗೆಯ ಪರದೆಯ ಮೇಲೆ ಮಿಡಿತದ ಗೆರೆ ಅಲುಗಲಿಲ್ಲ.

"ಅಮ್ಮ, ಉಪ್ಪು, ಬಿಸಿ ಮುಟ್ಟಿಮುಟ್ಟಿ ನಿಮ್ಮ ಚರ್ಮ ದಪ್ಪ ಆಗಿದೆ. ಪಟ್ಟಿಗೆ ಮಿಡಿತ ಸಿಗ್ತಿಲ್ಲ," ಎಂದಳು ತಬಸ್ಸುಮ್. "ಪರವಾಗಿಲ್ಲ, ಪಟ್ಟಿ ಕಟ್ಟಿಕೊಂಡು ವಾರವಾರ ಕೂತರೆ ಸಾಕು."

ಕೊಟ್ರಮ್ಮ ಹೊರಗೆ ಬಂದಳು. ಗಂಡನಿಗೆ ಕೇಳಿಸಲಿಲ್ಲ, ಈಗ ಯಂತ್ರಕ್ಕೂ ಕೇಳಿಸಲಿಲ್ಲ. ಹಾಲಪ್ಪನೂ ದಿನವೆಲ್ಲ ಬೆಂಕಿಯ ಮುಂದೆಯೇ ನಿಲ್ಲುವವನು, ಅವನ ಕೈಯೂ ಅಷ್ಟೇ ಒರಟು. ಅವನ ಮಿಡಿತ ಮಾತ್ರ ಆ ಕಂಡಕ್ಟರಮ್ಮನಿಗೆ ಸಲೀಸಾಗಿ ಸಿಗುತ್ತದೆ.

ಅವರಿಬ್ಬರ ಕೊನೆಯ ಕೂಟದ ದಿನ ಕೊಟ್ರಮ್ಮ ತಡೆದುಕೊಳ್ಳಲಾರದೆ ಕೂರುಮನೆಗೆ ನುಗ್ಗಿದಳು. ಟಾಕೀಸಿನ ಹಳೆಯ ಬಾಲ್ಕನಿಯ ಕೆಳಗೆ ಸಣ್ಣಸಣ್ಣ ಕೋಣೆಗಳು. ಒಂದರಲ್ಲಿ ಹಾಲಪ್ಪ, ಎದುರಿಗೆ ಚೂಡಾಮಣಿ, ಪಕ್ಕದಲ್ಲಿ ಪರದೆ ನೋಡುತ್ತಾ ತಬಸ್ಸುಮ್. ಚೂಡಾಮಣಿ ಏನೋ ಹೇಳಿ ನಗುತ್ತಿದ್ದಳು, ಹಾಲಪ್ಪನೂ ನಗುತ್ತಿದ್ದ. ಭಟ್ಟಿಯ ಮುಂದೆ ಅವನು ಹಾಗೆ ನಕ್ಕದ್ದು ಕೊಟ್ರಮ್ಮನಿಗೆ ನೆನಪಿಗೇ ಬರಲಿಲ್ಲ.

"ನೀನ್ಯಾಕೆ ಬಂದೆ?" ಎಂದ ಹಾಲಪ್ಪ.

"ನೋಡಾನ ಅಂತ ಬಂದೆ. ನಿಲ್ಲಿಸಬ್ಯಾಡ್ರಿ, ನಗ್ರಿ."

ಚೂಡಾಮಣಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಏನಕ್ಕ ಕೊಟ್ರಮ್ಮ? ಬಾ, ಕುಂತ್ಕ. ನಿನ್ ಗಂಡನ್ನ ನೀನೇ ಕರ್ಕಂಡು ಹೋಗು. ವಾರವಾರ ಇವರ ಸೊಂಟನೋವು ಹೊತ್ಕಂಡು ಹೋಗಿ ನಂಗೆ ಸಾಕಾಗೈತೆ. ಸೊಂಟದ ಜೊತೆಗೆ ಒಂದು ಅಂಜಿಕೆ ಬೇರೆ."

"ಅಂಜಿಕೆನಾ? ಏನು ಅಂಜಿಕೆ?"

"ಅದನ್ನ ನಾನು ಹೇಳಿದ್ರೆ ಚೆಂದ ಅಲ್ಲ. ಅವರನ್ನೇ ಕೇಳು."

ತನ್ನ ಗಂಡನ ಅಂಜಿಕೆ ಊರವಳಿಗೆ ಗೊತ್ತು, ತಾನು ಕೇಳಿ ತಿಳಿಯಬೇಕು. ಕೊಟ್ರಮ್ಮ ತಬಸ್ಸುಮಳ ಮುಂದೆ ಹೋಗಿ ಕೈ ಚಾಚಿದಳು. "ಆಕಿ ಕೈದು ಬಿಚ್ಚಿ ನನಗೆ ಕಟ್ಟಮ್ಮ. ನಾನು ಕೂರ್ತೀನಿ ಇವರ ಎದುರು."

"ಆಗಲ್ಲಮ್ಮ. ನೀವಿಬ್ಬರೂ ಒಂದೇ ಕಡೆ."

"ಆದ್ರೆ?"

ತಬಸ್ಸುಮ್ ತಾಳ್ಮೆಯ ಹುಡುಗಿ. "ಕಾಲುವೆ ನೀರು ಯಾಕೆ ಹರಿಯುತ್ತೆ ಹೇಳಿ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಎರಡೂ ಸಮ ಇದ್ದರೆ ನೀರು ನಿಂತುಬಿಡುತ್ತೆ. ಪೆಟ್ಟಿಗೆನೂ ಹಾಗೇ. ಭಟ್ಟಿಯ ಮಾತು ಬಂದ ಕೂಡಲೇ ಇಬ್ಬರ ಮೈಯೂ ಒಂದೇ ಥರ ಮಿಡಿದರೆ, ಇದು ಯಾರದು, ಅದು ಯಾರದು ಅಂತ ಅದಕ್ಕೆ ಬೇರೆ ಮಾಡೋಕಾಗಲ್ಲ. ಗೆರೆ ಅಲುಗೋದೇ ಇಲ್ಲ."

"ಅಲುಗದಿದ್ರೆ ಎದ್ದು ಹೋಗ್ತೀನಿ. ಕಟ್ಟಿ ನೋಡು. ನಿಂದೇನು ಸವೆಯುತ್ತೆ?"

ಚೂಡಾಮಣಿ ತಾನೇ ಪಟ್ಟಿ ಬಿಚ್ಚಿ ಕೊಟ್ಟಳು. ಹಾಲಪ್ಪ ನಾಚಿಕೆಯಿಂದ ಗೋಡೆ ನೋಡುತ್ತಿದ್ದ. ತಬಸ್ಸುಮ್ ಪಟ್ಟಿ ಸುತ್ತಿ, ರೂಢಿಯಂತೆ, "ಭಟ್ಟಿ ಮುಚ್ಚೋ ವಿಚಾರ ಇಬ್ಬರೂ ನೆನೆಸಿಕೊಳ್ಳಿ" ಎಂದಳು.

ಹಾಲಪ್ಪ ಕೆಮ್ಮಿದ. ಅದು ಅವನ ಕೆಮ್ಮಲ್ಲ. ಒಣಗಿದ ಸಣ್ಣ ಕೆಮ್ಮು, ಸೆರಗಿನಲ್ಲಿ ಮುಚ್ಚಿಕೊಂಡು ಕೆಮ್ಮುವಂಥದು, ತೆರೆದ ಬಾಯಿಂದ ಬಂತು. ಅವನ ಕಣ್ಣಲ್ಲಿ ನೀರು ಇಳಿಯಿತು. ಎದೆ ಹಿಡಿದುಕೊಂಡ. ಆಮೇಲೆ ಕೈ ಹೊಟ್ಟೆಗೆ ಜಾರಿತು. "ಇದೇನೇ ಇದು, ಇಲ್ಲೊಂದು ಕೆಂಡ ಐತಲ್ಲೇ. ಇದು ಹೊಗೆ ಅಲ್ಲ."

"ಅದು ಹೊಗೆ ಅಲ್ಲಣ್ಣ," ಎಂದಳು ಚೂಡಾಮಣಿ. "ಅದು ನಾನು."

ಕೊಟ್ರಮ್ಮನಿಗೆ ಅದು ಕೇಳಿಸಲಿಲ್ಲ. ಅವಳ ಎರಡು ಕೈಯೂ ಇದ್ದಕ್ಕಿದ್ದಂತೆ ಖಾಲಿಯಾಗಿದ್ದವು. ಇರುವ ಕೈ ಇದ್ದಂತೆಯೇ ಇಲ್ಲವಾದ ಹಾಗೆ. ಕತ್ತಲಲ್ಲಿ ಮೆಟ್ಟಿಲು ಇದೆ ಎಂದು ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಹಾಲಪ್ಪ ಆರಿದ ಭಟ್ಟಿಯ ಅಂಚು ಮುಟ್ಟಿ ಬರುವುದು ಯಾಕೆಂದು ಅವಳಿಗೆ ಆಗ ತಿಳಿಯಿತು. ಭಟ್ಟಿ ಇಲ್ಲದ ಊರಲ್ಲಿ ತಾನು ಯಾರು ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ತಬಸ್ಸುಮ್ ಪರದೆಯನ್ನೇ ನೋಡುತ್ತಿದ್ದಳು. ಗೆರೆ ಏಳುತ್ತಿತ್ತು, ಬೀಳುತ್ತಿತ್ತು. "ಅಮ್ಮ," ಎಂದಳು ಮೆತ್ತಗೆ, "ನಿಮ್ಮ ಚರ್ಮದ್ದೇನೂ ತಪ್ಪಿಲ್ಲ. ಅವತ್ತು ಗೌರಕ್ಕನ ಜೊತೆ ಹರಿಯಲಿಲ್ಲ ಯಾಕಂದ್ರೆ, ನೀವೂ ಗೌರಕ್ಕನೂ ಒಂದೇ ಕಡೆ. ನೀವು ರಾಟೆ."

ಎಲ್ಲರಿಗಿಂತ ಹೆಚ್ಚು ಬೆರಗಾದವಳು ಕೊಟ್ರಮ್ಮನೇ. ಗಂಡ ಹೇಳಿದ್ದನ್ನೇ ಒತ್ತಿಕೊಂಡು ಬಂದವಳು, ತನಗೊಂದು ಕಡೆ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ತಬಸ್ಸುಮ್ ಇನ್ನೂ ಒಂದು ಮಾತು ಹೇಳಿದಳು. ಗೌರಕ್ಕನ ಜೊತೆ ಕೂತದ್ದು ಈಗ ನಡೆಯುವುದಿಲ್ಲ. ಕೊಟ್ರಮ್ಮನಿಗೆ ಓಟು ಬೇಕಾದರೆ ಒರಳಿನವರೊಬ್ಬರ ಎದುರು ಕೂರಬೇಕು. ಬೇರೆಯವರಾದರೆ ಮೊದಲಿನಿಂದ ಶುರು ಮಾಡಬೇಕು, ಅಷ್ಟು ವಾರಗಳು ಉಳಿದಿಲ್ಲ. ವಾರಗಳು ಬೇಕಾಗುವುದು ಹರಿವು ಕೂಡುವುದಕ್ಕೆ, ಹಾಲಪ್ಪನ ಜೊತೆ ಅದು ಆಗಲೇ ಕೂಡಿರುವುದರಿಂದ, ಬರುವ ಮಂಗಳವಾರ ಅವನೇ ಬಂದು ಎದುರು ಕೂತರೆ ಸಾಕು. ಬರದಿದ್ದರೆ ಈ ಸಲ ಕೊಟ್ರಮ್ಮನಿಗೆ ಓಟಿಲ್ಲ.

ಹಾಲಪ್ಪ ಪಟ್ಟಿ ಕಿತ್ತಿಟ್ಟು ಎದ್ದು ಹೋದ.

ಮನೆಯಲ್ಲಿ ಅವನು ಬಾಯಿ ಬಿಚ್ಚಿದ್ದು ಊಟದ ಮುಂದೆ. "ಯಾರು ನಿನ್ ಕಿವಿ ತುಂಬಿದ್ದು? ಆ ಹೂವಿನ ಗೌರಕ್ಕನಾ? ಇಲ್ಲಾ ಯಾವನಾದ್ರೂ ರಾಟೆಯವನು ಬಂದಿದ್ನಾ ನಾನಿಲ್ದಾಗ?"

"ಯಾರೂ ಬಂದಿರಲಿಲ್ಲ. ಹೊಗೆ ಬಂದಿತ್ತು."

"ಭಟ್ಟಿ ಅನ್ನ ತಿಂದು ಭಟ್ಟಿಗೇ ನೀರು ಹೊಯ್ತೀಯಾ?"

"ಚೂಡಮ್ಮ ಒತ್ತಿದ್ರೆ ಅದು ಆಕಿ ಎದೆಯಾಗಿದ್ದದ್ದು. ನಾನು ಒತ್ತಿದ್ರೆ ದ್ರೋಹ. ಅಲ್ವಾ?"

"ಹೊರಗಿನಾಕಿ ಬೇರೆ, ನೀನು ಬೇರೆ."

"ಬೇರೆನೇ. ಆಕಿಗೆ ಓಟೈತೆ. ನನಗೆ ಒಂದು ಒಲೆ ಐತೆ ಅಷ್ಟೆ."

ಹಾಲಪ್ಪ ತಟ್ಟೆಯಲ್ಲೇ ಕೈ ತೊಳೆದ. ಊರಿನ ಚಹಾದಂಗಡಿಯಲ್ಲಿ ದೊಡ್ಡ ಮನುಷ್ಯನಾಗುವುದು ಸುಲಭ ಇತ್ತು. ಎದುರು ಪಕ್ಷ ಹಿಂದಿನ ಓಣಿಯಲ್ಲಿದ್ದರೆ ಅದಕ್ಕೆ ಕೈಮುಗಿದು ಬರಬಹುದು. ಅದು ಅಡುಗೆಮನೆಯಲ್ಲಿ ನಿಂತು ಮುದ್ದೆ ಬಡಿಸಿದರೆ ಏನು ಮಾಡುವುದು? ಅವನು ಏನೂ ಮಾಡಲಿಲ್ಲ, ಮಾತು ಬಿಟ್ಟ. "ಭಟ್ಟಿಗೆ ನೀನು ಬರಬ್ಯಾಡ, ನಾನೊಬ್ಬನೇ ಹುರೀತೀನಿ," ಎಂದ. ಮಂಗಳವಾರದ ಮಾತು ಅವಳು ಎತ್ತಲಿಲ್ಲ. ಬೇಡಿ ತೆಗೆದುಕೊಂಡರೆ ಅದು ಮತ್ತೆ ಅವನ ಓಟೇ ಆಗುತ್ತದೆ ಎಂದುಕೊಂಡಳು. ಆದರೆ ಪ್ರತಿ ಬೆಳಿಗ್ಗೆ ಕದದ ಮರೆಯಿಂದ ಅವನ ಮುಖ ನೋಡುತ್ತಿದ್ದಳು. ತನಗೆ ಇದೆ ಎಂದು ಈಗಷ್ಟೇ ತಿಳಿದ ವಸ್ತು, ಅಷ್ಟರಲ್ಲೇ ಕಳೆದುಹೋಗುವುದರಲ್ಲಿತ್ತು. ಕಳೆಯಲು ಅವನು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು.

ಭಟ್ಟಿ ಒಬ್ಬರ ಕೈಗೆ ಬರುವ ಕೆಲಸವಲ್ಲ. ಹಾಲಪ್ಪ ಮರಳು ಕೆದಕಿ, ಓಡಿಹೋಗಿ ಆಚೆ ಬದಿಯಲ್ಲಿ ನಿಂತು ಜರಡಿ ಹಿಡಿಯಬೇಕಿತ್ತು. ಆಚೆ ಬದಿ ಕೊಟ್ರಮ್ಮ ನಿಲ್ಲುವ ಜಾಗ. ಅವನು ಅಲ್ಲಿ ನಿಂತದ್ದೇ ಇಲ್ಲ. ಭಟ್ಟಿ ಕಟ್ಟಿದ ದಿನದಿಂದ ಗಾಳಿ ಪಡುವಣದಿಂದ ಬಂದು, ಬಾಣಲೆಯ ಬಿಸಿಯನ್ನೂ ಒಲೆಯ ಬಾಯಿಯ ಹೊಗೆಯನ್ನೂ ನೇರ ಆ ಜಾಗಕ್ಕೇ ತಳ್ಳುತ್ತಿತ್ತು. ಎತ್ತರಿಸಿದ ಹೊಗೆಗೂಡು ಹಿಂದಿನ ಓಣಿಯ ಹೊಗೆ ತಡೆದಿತ್ತು. ಒಲೆಯ ಬಾಯಿಂದ ಬರುವ ಹೊಗೆಗೆ ಅದು ಏನೂ ಮಾಡಿರಲಿಲ್ಲ. ಹಾಲಪ್ಪ ಜರಡಿ ಹಿಡಿದು ಕಣ್ಣು ಮುಚ್ಚಿದ, ಮುಖ ತಿರುಗಿಸಿದ. ಮುಖ ತಿರುಗಿಸಿದರೆ ಮಂಡಕ್ಕಿ ನೆಲಕ್ಕೆ ಚೆಲ್ಲುತ್ತದೆ. ತಿರುಗಿಸದೆ ನಿಲ್ಲಬೇಕು, ನಿಂತು ಉಸಿರು ತೆಗೆದುಕೊಳ್ಳಬೇಕು. ಆಗ ಕೂರುಮನೆಯಲ್ಲಿ ಬಂದಿದ್ದ ಅದೇ ಸಣ್ಣ ಕೆಮ್ಮು ಬಂತು. ಈ ಸಲ ಅವನ ಕೈಗೆ ಪಟ್ಟಿ ಇರಲಿಲ್ಲ.

ಮಂಗಳವಾರ ಕೊಟ್ರಮ್ಮ ಒಬ್ಬಳೇ ಹೋಗಿ ಆ ಕೋಣೆಯಲ್ಲಿ ಕೂತಳು. ಎದುರಿನ ಕುರ್ಚಿ ಖಾಲಿ ಇತ್ತು. ತಬಸ್ಸುಮ್ ಎರಡು ಸಲ ಬಾಗಿಲವರೆಗೆ ಹೋಗಿ ಬಂದಳು. "ಮುಚ್ಚೋ ಹೊತ್ತಾಯ್ತಮ್ಮ," ಎನ್ನುವುದಕ್ಕೂ ಹಾಲಪ್ಪ ಒಳಗೆ ಬರುವುದಕ್ಕೂ ಸರಿಹೋಯಿತು. ಅವನ ಕಣ್ಣುಗಳು ಕೆಂಪಾಗಿದ್ದವು, ತಲೆಯ ಮೇಲೆ ಬೂದಿ ಇತ್ತು.

"ಭಟ್ಟಿ ಆರಿಸಿ ಬಂದೆ," ಎಂದು ಕೂತ. ತಲೆಯ ಬೂದಿ ಕೊಡವಿಕೊಳ್ಳುತ್ತಾ, "ನೀ ನಿಲ್ಲೋ ಕಡೀಗೆ ಹೊಗೆ ಬರ್ತೈತೆ ಅಂತ ಯಾಕೆ ಹೇಳ್ಲಿಲ್ಲ?" ಎಂದ.

"ಆ ಜಾಗ ನಿಮ್ಮದೇ ಭಟ್ಟಿಯಾಗೆ ಇತ್ತು. ನೋಡಿರ್ತೀರಿ ಅನ್ಕಂಡಿದ್ದೆ."

ತಬಸ್ಸುಮ್ ಪಟ್ಟಿ ಕಟ್ಟಿ ಪೆಟ್ಟಿಗೆ ಹಚ್ಚಿದಳು. ಅವನು ಕೆಮ್ಮಿದ, ಅವಳು ತನ್ನ ಕೈಗಳನ್ನು ಒಂದಕ್ಕೊಂದು ಹೊಸೆದುಕೊಂಡಳು.

"ನಿಮ್ ಅಂಜಿಕೆ ನನ್ ಮೈಯಾಗೆ ಕುಂತೈತೆ," ಎಂದಳು ಕೊಟ್ರಮ್ಮ ಕೊನೆಗೆ. "ಅದನ್ನ ಹೊತ್ಕಂಡು ಹೋಗಿ ಒತ್ತಬೇಕು ಅಂದ್ರೆ ಕೈ ಮುಂದಕ್ಕೆ ಹೋಗಲ್ಲ. ಆದ್ರೂ ನಾನು ಒತ್ತೋದು ರಾಟೆನೇ. ನಂಗೆ ಉಸಿರು ಬೇಕು."

"ನಿನ್ ಕೆಮ್ಮು ನನ್ ಎದೆಯಾಗೈತೆ," ಎಂದ ಹಾಲಪ್ಪ. "ಆದ್ರೂ ನಾನು ಒತ್ತೋದು ಒರಳೇ. ನಂಗೆ ಬೇರೆ ಏನೂ ಬರಲ್ಲ."

"ಹೂಂ."

"ಹೂಂ."

"ಆಕಿ ಜೊತೆಗೂ ಹಿಂಗೇ ಕೂರ್ತಿದ್ರಾ?"

"ಆಕಿ ಜೊತೆ ನಗ್ತಿದ್ದೆ," ಎಂದ ಹಾಲಪ್ಪ. "ಇದು ಬಾಳ ಕಷ್ಟ ಐತೆ."

ಕೊಟ್ರಮ್ಮನಿಗೆ ಆ ಮಾತಿನಿಂದ ಒಂದು ತಂಪು ಆಯಿತು. ಅದು ಅವನ ಹೊಟ್ಟೆಗೂ ಹೋಗಿರಬೇಕು, ಅವನು ತಲೆ ಎತ್ತಿ ನೋಡಿದ.

ಓಟಿನ ದಿನ ಇಬ್ಬರೂ ಒಟ್ಟಿಗೆ ಹೋಗಿ ಬೇರೆ ಬೇರೆ ಒತ್ತಿ ಬಂದರು. ಓಣಿಯವರು ಮೂಗು ಮುರಿದರು, ಕೆಲವರು ಹಾಲಪ್ಪನ ಭಟ್ಟಿಯ ಮುಂದೆ ನಿಂತು ಮಾತಾಡುವುದು ಬಿಟ್ಟರು. ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ಕೂದಲೆಳೆಯಲ್ಲಿ ರಾಟೆ ಗೆದ್ದಿತ್ತು. ಭಟ್ಟಿಗಳು ಇನ್ನು ಒಂದು ಬೇಸಿಗೆ ಉರಿದರೆ ಹೆಚ್ಚು.

ಹಾಲಪ್ಪ ಒಳಗೆ ಗೋಡೆಗೆ ಒರಗಿ ಕೂತಿದ್ದ. ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಆ ಕೈ ನೋಡಿದರೆ ಕೊಟ್ರಮ್ಮನಿಗೆ ಈಗ ಪಟ್ಟಿಯೇ ಬೇಕಿರಲಿಲ್ಲ. ಅವಳು ಗೆದ್ದಿದ್ದಳು. ಗೆದ್ದದ್ದನ್ನು ಎಲ್ಲಿ ಇಡಬೇಕೋ ತಿಳಿಯದೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

ಅಷ್ಟರಲ್ಲಿ ತಮಟೆ ಕೇಳಿಸಿತು. ರಾಟೆಯ ಮೆರವಣಿಗೆ ಭಟ್ಟಿ ಓಣಿಗೇ ತಿರುಗಿತ್ತು. ಬೇಕೆಂದೇ ತಿರುಗಿದ್ದು ಅದು. ಪಟಾಕಿಯ ಸರ ಹಿಡಿದವರು ಮುಂದೆ, ಲಾಡಿನ ಡಬ್ಬ ಹಿಡಿದ ಚೂಡಾಮಣಿ ಹಿಂದೆ. ಸರ ಹಿಡಿದವನೊಬ್ಬ ಹಾಲಪ್ಪನ ಬಾಗಿಲ ಮುಂದೆ ಕೂತು ಕಡ್ಡಿ ಗೀರಿದ.

ಕೊಟ್ರಮ್ಮ ಹೊರಗೆ ಬಂದು ಕಡ್ಡಿಯ ಮೇಲೆ ನೀರು ಸುರಿದಳು. "ಇಲ್ಲಿ ಹಚ್ಚಬ್ಯಾಡಪ್ಪ."

"ಯಾಕಜ್ಜಿ? ನೀನೂ ನಮ್ಮಾಕಿನೇ ಅಂತೆ."

"ನಾನು ನಿಮ್ಮಾಕಿ ಇರಬೌದು. ಈ ಮನೆಯಾಗೆ ಇವತ್ತು ಒಬ್ರು ಸೋತಾರೆ. ಮುಂದಕ್ಕೆ ಹೋಗಿ ಹಚ್ಚು."

ತಮಟೆ ಬಡಿಯುವವರು ಕೈ ನಿಲ್ಲಿಸಿದರು. ಚೂಡಾಮಣಿ ಎರಡು ಹೆಜ್ಜೆ ಮುಂದೆ ಬಂದವಳು, ಡಬ್ಬ ಮುಚ್ಚಿಕೊಂಡು ಹಿಂತಿರುಗಲು ನೋಡಿದಳು. ಆಗ ಒಳಗಿನಿಂದ ಹಾಲಪ್ಪನ ದನಿ ಬಂತು. ದಣಿದ ದನಿ, ಆದರೆ ಓಣಿಗೆಲ್ಲ ಕೇಳಿಸುವಷ್ಟಿತ್ತು.

"ಚೂಡಮ್ಮಾ, ಹಂಗೇ ಹೋಗಬ್ಯಾಡ. ಗೆದ್ದಾಕಿನೂ ಒಬ್ಳು ಅದಾಳೆ ಈ ಮನೆಯಾಗೆ. ಆಕಿಗೆ ಒಂದು ಲಾಡು ಕೊಟ್ಟು ಹೋಗು."

ಚೂಡಾಮಣಿ ಡಬ್ಬ ತೆರೆದು ಕೊಟ್ರಮ್ಮನ ಅಂಗೈಯಲ್ಲಿ ಒಂದು ಲಾಡು ಇಟ್ಟಳು. ಆಮೇಲೆ ಇನ್ನೊಂದು ತೆಗೆದು, ಬಾಗಿಲ ಕಡೆ ಕೈ ತೋರಿಸಿ, "ಅಣ್ಣನಿಗೂ ಒಂದು ಕೊಟ್ಟು ಬರ್ತೀನಿ" ಎಂದು ಹೊಸ್ತಿಲ ಮೇಲೆ ಕಾಲಿಟ್ಟಳು.

ಕೊಟ್ರಮ್ಮ ಅಡ್ಡ ನಿಂತು ಆ ಲಾಡನ್ನೂ ತನ್ನ ಕೈಗೆ ತೆಗೆದುಕೊಂಡಳು.

"ನೀ ನಡಿಯವ್ವ," ಎಂದಳು. "ಅವರಿಗೆ ನಾನು ಕೊಡ್ತೀನಿ."